ಅಕ್ಕನ ಸಾವಿಗೆ ಆ ನರ್ಸ್ ಒಬ್ಬರೇ ಹೊಣೆಯೇ?

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕ ಸತ್ತಿದ್ದಕ್ಕೆ ನೀವು ಒಬ್ಬ ನರ್ಸನ್ನು ಕೆಲಸದಿಂದ ತೆಗೆದಿದ್ದೀರಿ. ‘ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸಲಾಗಿದೆ, ತಮಗೆ ಸಮಾಧಾನವಾಗಿರಬಹುದು’ ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ತಿಳಿಸಿದರು. ಆಗಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಆಸ್ಪತ್ರೆಗೆ ವೈದ್ಯರು ಬರುವುದು ನಿಂತು ಬಹಳ ಕಾಲವಾಯಿತು. ಆ ಕೊರತೆಯನ್ನು ನೀವು ಒಂದೇ ಆದೇಶದಲ್ಲಿ ನೀಗಿಸಿದಿರಿ: ಇನ್ನು ಮೇಲೆ ನರ್ಸ್‌ಗಳೇ ರೋಗ ಪತ್ತೆ ಮಾಡತಕ್ಕದ್ದು. ಎಂಥ ಸುಲಭೋಪಾಯ! ನಿನ್ನೆಯವರೆಗೆ ಗಾಯಕ್ಕೆ ಬ್ಯಾಂಡೇಜು ಸುತ್ತುತ್ತಿದ್ದವರು ಬೆಳಗಾಗುವುದರೊಳಗೆ ಎದೆಯೊಳಗಿನದನ್ನೂ ಹೇಳಬಲ್ಲವರಾದರು. ತರಬೇತಿ? ‘ಹಂತ ಹಂತವಾಗಿ.’ ಸಂದೇಹ ಬಂದರೆ ಕೇಳಲು ಹಿರಿಯ ವೈದ್ಯರು? ಒಂದು ಫೋನ್ ನಂಬರು.

ಅಕ್ಕ ಹೊಲಿಗೆಯವಳು, ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಆ ಮಧ್ಯಾಹ್ನ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದವಳು ದವಡೆ ನೋವು ಎಂದಳು. ಮೈಯೆಲ್ಲ ಬೆವೆತಿತ್ತು. ಆಸ್ಪತ್ರೆಗೆ ಕರೆದೊಯ್ದೆ. ನರ್ಸ್ ನಾಡಿ ಹಿಡಿದರು, ಬಿ.ಪಿ. ನೋಡಿದರು, ನೀವು ಕೊಟ್ಟ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು.

“ಗ್ಯಾಸ್ಟ್ರಿಕ್ ಇರ್ಬೇಕು ಅಕ್ಕ. ಇಂಜೆಕ್ಷನ್ ಕೊಡ್ತೀನಿ. ಕಮ್ಮಿಯಾಗ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಹೋಗ್ಬಿಡಿ,” ಎಂದರು.

“ನೋಡಿದ್ಯಾ, ಬರೀ ಗ್ಯಾಸಂತೆ! ಸುಮ್ನೆ ಹೆದರಿಸ್ಬಿಟ್ಟೆ,” ಎಂದು ಅಕ್ಕ ನನ್ನನ್ನೇ ಗದರಿದಳು. ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಚ್ಚಲು ಬಗ್ಗಿದವಳು ಮತ್ತೆ ಏಳಲಿಲ್ಲ. ಹೃದಯಾಘಾತ. ದವಡೆ ನೋವು, ಬೆವರು ಅದರ ಲಕ್ಷಣವೆಂದು ಆಮೇಲೆ ಗೊತ್ತಾಯಿತು.

ನರ್ಸ್ ತಪ್ಪು ಮಾಡಿದರು. ಇಲ್ಲವೆನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಂತ್ಯಕ್ರಿಯೆಯ ಮರುದಿನ ಅವರು ನಮ್ಮ ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

“ಬೈದ್ಬಿಡಿ ಅಣ್ಣ. ಇದನ್ನೆಲ್ಲ ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ನನ್ನ ಕೈಲಿ ಆಗಲ್ಲ ಅಂತ ಮೇಲಿನವ್ರಿಗೆ ಹೇಳಿದ್ದೆ. ಆಗಲ್ಲ ಅಂದ್ರೆ ಕೆಲಸ ಬಿಡಿ ಅಂದ್ರು.”

ಬೈಯಲೆಂದೇ ಬಾಯಿ ತೆರೆದೆ. ಬಂದದ್ದು ಅಳು. ಇಬ್ಬರೂ ಅತ್ತೆವು.

ನಾನು ವಿದ್ಯುತ್ ಕಂಬ ಹತ್ತುವ ಕೆಲಸದವನು. ತಂತಿ ಮುಟ್ಟುವ ಮೊದಲು ನನಗೆ ಕಲಿಸಿದರು, ಪರೀಕ್ಷೆ ಮಾಡಿದರು, ಕಂಬದ ಬುಡದಲ್ಲಿ ಒಬ್ಬ ಹಿರಿಯನನ್ನು ನಿಲ್ಲಿಸಿದರು. ನರ್ಸ್‌ಗಳು ರೋಗ ಪತ್ತೆ ಮಾಡಲೇಬಾರದೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಕಲಿಸಿದರೆ ಮಾಡಿಯಾರು. ಆದರೆ ಕಲಿಸದೆ ಹೊಣೆ ಹೊರಿಸಿ, ಎಡವಿದ ಕೂಡಲೇ ಶಿಕ್ಷಿಸುವುದಕ್ಕೆ ನಿಮ್ಮ ಭಾಷೆಯಲ್ಲಿ ಸುಧಾರಣೆ ಎನ್ನುತ್ತಾರೆಯೇ? ಆದೇಶಕ್ಕೆ ಸಹಿ ಹಾಕಿದ ಕೈಯ ಮೇಲೆ ಯಾವ ಕ್ರಮ? ಆ ಫೋನ್ ಎತ್ತದವರ ಮೇಲೆ?

ಆ ನರ್ಸನ್ನು ಕೆಲಸಕ್ಕೆ ಮರಳಿ ಕರೆಯಿರಿ. ಸರಿಯಾಗಿ ಕಲಿಸುವವರೆಗೆ, ಕೇಳಿದಾಗ ಉತ್ತರಿಸುವ ವೈದ್ಯರನ್ನು ಕೊಡುವವರೆಗೆ, ನಿಮ್ಮ ಆದೇಶವನ್ನು ತಡೆಹಿಡಿಯಿರಿ. ನನ್ನ ಅಕ್ಕನ ಹೆಸರು ಹೇಳಿಕೊಂಡು ಇನ್ನೊಂದು ಮನೆಯ ಒಲೆ ಆರಿಸಬೇಡಿ.

ಇಂತಿ,
ತಮ್ಮ ವಿಧೇಯನಲ್ಲ,
ಅಕ್ಕನ ತಮ್ಮ