ಪೊರೆಯ ಜಾಗದಲ್ಲಿ ಉಕ್ಕಿನ ಬಿಲ್ಲೆ

ನವೆಂಬರ್ ೧೪, ಗುರುವಾರ

ಇವತ್ತು ಅಳತೆಯ ಯಂತ್ರದಲ್ಲಿ, ಆಮ್ಲಜನಕವನ್ನು ದಾಟಿಸಲೆಂದು ನಾನೇ ತಯಾರಿಸಿದ ಪ್ಲಾಸ್ಟಿಕ್ ಪೊರೆಯ ಜಾಗಕ್ಕೆ ಉಕ್ಕಿನ ಬಿಲ್ಲೆ ಇಟ್ಟೆ. ಉಕ್ಕನ್ನು ಆಮ್ಲಜನಕ ದಾಟುವುದಿಲ್ಲ, ಮಾಪಕದ ಮುಳ್ಳು ಅಲುಗಬಾರದು. ಅದು ಪೊರೆ ಇದ್ದಾಗಿನಷ್ಟೇ ವೇಗವಾಗಿ ಏರಿತು. ಅಂದರೆ ಏಳು ತಿಂಗಳು ನಾನು ಅಳೆದದ್ದು ಪೊರೆಯನ್ನಲ್ಲ, ಅಂಚಿನ ರಬ್ಬರ್ ಉಂಗುರದ ಸೋರಿಕೆಯನ್ನು. ಇನ್ನೂರ ಹನ್ನೆರಡು ಅಳತೆ, ಎಲ್ಲವೂ ರದ್ದು. ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಇದು. ಅಂಕಿ ಚೆನ್ನಾಗಿ ಬರುತ್ತಿತ್ತಲ್ಲ, ಕೆದಕಲು ಮನಸ್ಸಾಗಲಿಲ್ಲ.

"ಉಂಗುರಕ್ಕಿಂತ ಜಾಸ್ತಿ ಸೋರಿದ್ದು ನಿಮ್ಮ ಬಾಯಿ ಕಣ್ರೀ" ಅಂದಳು ಹೆಂಡತಿ. ನಕ್ಕೆವು. ಆದರೆ ಅವಳ ತಮ್ಮನಿಗೆ ಇದೇ ಅಂಕಿಗಳನ್ನು ತೋರಿಸಿ, ಕೆಲಸ ಬಿಟ್ಟು ನನ್ನ ಜೊತೆ ಸೇರು ಎಂದು ಹುರಿದುಂಬಿಸಿದವನು ನಾನೇ.

ಸಂಜೆ ಅವನದೇ ಫೋನ್. "ಭಾವ, ರಾಜೀನಾಮೆ ಕೊಟ್ಟೇಬಿಟ್ಟೆ! ಸೋಮವಾರದಿಂದ ನಿಮ್ಮ ಜೊತೆಗೇ. ನಮ್ಮ ಪೊರೆ ಹೇಗಿದೆ?"

ಕಲ್ಲನ್ನೂ ಮಾತಾಡಿಸಿ ಒಪ್ಪಿಸುವವನು ನಾನು. "ಬಾರಪ್ಪ" ಅಂದೆ, ಅಷ್ಟೇ ಹೊರಟಿತು.

ಹೊಸ ಉಂಗುರ ಹಾಕಿ ಪೊರೆಯನ್ನು ಮತ್ತೆ ಇಟ್ಟಿದ್ದೇನೆ. ಮೂರು ಗಂಟೆ ಕಳೆಯಿತು, ಮುಳ್ಳು ಕದಲಿಲ್ಲ; ನನ್ನ ಪೊರೆ ಆಮ್ಲಜನಕವನ್ನು ದಾಟಿಸುತ್ತಲೇ ಇಲ್ಲ. ಯಂತ್ರ ಕೊನೆಗೂ ನಿಜ ಹೇಳುತ್ತಿದೆ. ನಾನು ಮಾತ್ರ ಇನ್ನೂ ಹೇಳಿಲ್ಲ.