ಜಿನೋವಾದ ಗುಡ್ಡದಲ್ಲಿ ಮಗಳ ಮನೆ

ಮಿಲ್ಪಿಟಾಸ್
ಅಕ್ಟೋಬರ್ ೧೨, ಭಾನುವಾರ

ನನ್ನ ಮುದ್ದು ಹರಿಪ್ರಿಯಾ,

ಸುಖವಾಗಿ ಮನೆ ಸೇರಿದೆ. ಕನ್ನಡ ಅಕ್ಷರ ತೊಡಕೆನಿಸಿದರೆ ಗಟ್ಟಿಯಾಗಿ ಓದು, ಅರ್ಥವಾಗುತ್ತದೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಿನೋವಾಕ್ಕೆ ಬಂದದ್ದು ಊರು ನೋಡಲಿಕ್ಕಲ್ಲ, ನಿನ್ನನ್ನು ವಾಪಸ್ ಕರೆತರಲಿಕ್ಕೆ. ಇಲ್ಲಿ ಅಮೆರಿಕದಲ್ಲಿದ್ದ ಕೆಲಸ ಬಿಟ್ಟು, ಇಟಲಿಯಲ್ಲಿ ಪ್ರವಾಸಿಗರನ್ನು ಗುಡ್ಡ ಹತ್ತಿಸಿ ಇಳಿಸುವುದೂ ಒಂದು ಕೆಲಸವೇ ಎಂದು ಅಪ್ಪ ವರ್ಷದಿಂದ ನಿನ್ನ ಜೊತೆ ಮಾತು ಬಿಟ್ಟಿದ್ದಾರಲ್ಲ, ಬಾಯಿಬಿಟ್ಟು ಹೇಳದಿದ್ದರೂ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಆ ಗುರುವಾರ ನಿನ್ನ ಗುಂಪಿನಲ್ಲಿ ನಾನೂ ಸೇರಿಕೊಂಡೆ. ಪೇಟೆಯ ಇಕ್ಕಟ್ಟಿನಿಂದ ಲಿಫ್ಟಿನಲ್ಲಿ ಮೇಲೆ ಹೋದರೆ ಕ್ಯಾಸ್ಟೆಲೆಟ್ಟೋ, ಊರೆಲ್ಲ ಕಾಣುವ ಆ ಗುಡ್ಡದ ನೆತ್ತಿ. ಕಟಕಟೆ ಹಿಡಿದು ಬಗ್ಗಿ ನೋಡಿದೆ. ಕೆಳಗೆ ಬೂದು ಕಲ್ಲಿನ ಮಾಡುಗಳು, ಆಚೆಗೆ ಹಡಗುಗಳು, ದೀಪಸ್ತಂಭ, ಸಮುದ್ರ. ಚೆಂದವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಚೆಂದಕ್ಕೆ ಸೋತು ಯಾರೂ ಮಗಳನ್ನು ಬಿಟ್ಟುಕೊಡುವುದಿಲ್ಲ. ಊಟಕ್ಕೆ ಕೂತಾಗ ಮಾತೆತ್ತಬೇಕೆಂದು ನಿಶ್ಚಯಿಸಿಕೊಂಡೇ ನಿನ್ನ ಹಿಂದೆ ನಡೆದು ಇಳಿಯತೊಡಗಿದೆ.

ಇಟ್ಟಿಗೆ ಹಾಸಿದ ಆ ಇಳಿಜಾರು ಓಣಿಯಲ್ಲಿ ಗುಂಪಿನ ಹಿರಿಯ ಹೆಂಗಸು ತಲೆಸುತ್ತಿ ಕುಸಿದರಲ್ಲ, ನಾನೂ ಅವರ ಪಕ್ಕದಲ್ಲೇ ನೆಲಕ್ಕೆ ಕೂತೆ. ನೀನು ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟು, "ಅಮ್ಮಾ, ಹಿಡ್ಕೋ. ಐ ಗಾಟ್ ದಿಸ್," ಎಂದವಳೇ ಒಂದು ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಿದೆ. ಒಳಗಿನಿಂದ ಅಜ್ಜನೊಬ್ಬ ಕುರ್ಚಿ ತಂದ. ಎದುರು ಮನೆಯಾಕೆ ಸಕ್ಕರೆ ನೀರು ತಂದಳು. ಮೇಲಿನ ಕಿಟಕಿಯಿಂದ ಯಾರೋ ಡಾಕ್ಟರಿಗೆ ಫೋನ್ ಮಾಡಿದರು. ಇಡೀ ಓಣಿಯೇ "ಪ್ರಿಯಾ, ಪ್ರಿಯಾ" ಎನ್ನುತ್ತಿತ್ತು. ಮಿಲ್ಪಿಟಾಸಿನ ಈ ಟೌನ್‌ಹೌಸಿನಲ್ಲಿ ಇಷ್ಟು ವರ್ಷವಿದ್ದೂ, ಗೋಡೆಯಾಚೆ ಇರುವವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹೆಂಗಸು ಚೇತರಿಸಿಕೊಂಡು ಎದ್ದು ಕೂತ ಮೇಲೆ ಅಜ್ಜ ನನ್ನ ಕಡೆ ತಿರುಗಿ ಏನೋ ಕೇಳಿದ. "ನನ್ನ ಟೇಕ್ ಬ್ಯಾಕ್ ಮಾಡೋಕೆ ಬಂದ್ಯಾ ಅಂತ ಕೇಳ್ತಿದಾರೆ," ಎಂದು ನೀನು ನಕ್ಕೆ. ನಗುತ್ತಿದ್ದರೂ ನಿನ್ನ ಕಣ್ಣು ನನ್ನ ಮುಖದ ಮೇಲೇ ಇತ್ತು.

"ಇಲ್ಲ ಅನ್ನು. ನೋಡ್ಕೊಂಡು ಹೋಗೋಕೆ ಬಂದೆ ಅನ್ನು," ಎಂದೆ. ಬಾಯಿ ತೆರೆದಾಗ ಅದು ಸುಳ್ಳಾಗಿತ್ತು. ಹೇಳಿ ಮುಗಿಸುವಷ್ಟರಲ್ಲಿ ನಿಜವಾಗಿಬಿಟ್ಟಿತು.

ಏರ್‌ಪೋರ್ಟಿನಿಂದ ಬರುವಾಗ ಫ್ರೀವೇ ಮೇಲೆ ಅಪ್ಪ, "ಏನಂತೆ, ಬರ್ತಾಳಂತಾ?" ಎಂದು ಕೇಳಿದರು. "ನಾನು ಕರೀಲೇ ಇಲ್ಲ ಕಣ್ರೀ. ಅವಳು ಅವಳ ಮನೇಲೇ ಇದಾಳೆ," ಎಂದೆ. ಅವರು ರೇಡಿಯೋದ ಸದ್ದು ಜೋರು ಮಾಡಿದರು. ನೀನು ಚಿಂತೆ ಮಾಡಬೇಡ, ಅವರನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಧೈರ್ಯವಾಗಿ ಗುಡ್ಡ ಹತ್ತಿಸು.

ನಿನ್ನ ಅಮ್ಮ,
ಜಲಜಾ

ಮತ್ತೆ ಒಂದು ಮಾತು: ಇಷ್ಟು ಬರೆದು, ನಿನ್ನ ವಿಳಾಸ ನೋಡಲು ಫೋನ್ ತರೋಣವೆಂದು ಒಳಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಲಕೋಟೆಯ ಮೇಲೆ ನಿನ್ನ ಓಣಿ, ಮನೆ ನಂಬರು, ಪಿನ್ ಕೋಡು ಎಲ್ಲವನ್ನೂ ಬರೆದಿಟ್ಟಿದ್ದರು. ಯಾವುದನ್ನೂ ನೋಡದೆ, ಬಾಯಿಪಾಠದಿಂದ.