ಇಳಿಯುವುದನ್ನು ಕಲಿಸಿದ ಡಾಕ್ಟರಿಗೆ

ಕೂಡ್ಲಿಗಿ
೧೨-೩-೧೯೯೮

ಪ್ರೀತಿಯ ಡಾಕ್ಟರ್ ಶಿವಶಂಕರ ಅವರಿಗೆ ಭಾಗ್ಯಳ ನಮಸ್ಕಾರ.

ಅಪ್ಪ ತೀರಿಕೊಂಡ ಮೇಲೆ ಮದುವೆ ಮೆರವಣಿಗೆಯ ಕುದುರೆಗಳನ್ನು ಪಳಗಿಸುವವಳು ನಾನೇ. ಈ ಬೆನ್ನುನೋವು ಹೋಗುವುದಲ್ಲ, ಸವಾರಿ ಬಿಡು ಎಂದು ಎಲ್ಲರೂ ಹೇಳಿದಾಗ ನೀವೊಬ್ಬರೇ, "ಬಿಡಬ್ಯಾಡವ್ವ. ನೋವು ಶುರುವಾತಂದ್ರ ಹಟ ಮಾಡಬ್ಯಾಡ, ಇಳದುಬಿಡು" ಎಂದಿರಿ.

ನಿನ್ನೆ ಹೊಸ ಕುದುರೆಯ ಮೇಲಿದ್ದಾಗ ಬೆನ್ನು ಹಿಡಿದುಕೊಂಡಿತು. ನೋಡುತ್ತಿದ್ದವರು ನಕ್ಕರೂ ಇಳಿದುಬಿಟ್ಟೆ. ನೀವು ಹೇಳಿದಂತೆ ಬಿಸಿನೀರಿನ ಶಾಖ ಕೊಟ್ಟು ಮಲಗಿದೆ. ಇವತ್ತು ಬೆಳಿಗ್ಗೆ ಮತ್ತೆ ಹತ್ತಿ, ಕಾನಹೊಸಹಳ್ಳಿ ರಸ್ತೆಯಲ್ಲಿ ಸುತ್ತಾಡಿ ಬಂದೆ. ಬಾಗಿಲಲ್ಲಿ ಕಾಯುತ್ತಿದ್ದ ಅವ್ವ, "ಡಾಕ್ಟ್ರು ನನ್ನ ಮಗಳಿಗೆ ಚಲೋ ಬುದ್ಧಿ ಕಲಿಸ್ಯಾರ" ಎಂದಳು.

ಗುಳಿಗೆಗಳು ಮುಗಿಯುತ್ತಾ ಬಂದಿವೆ, ಬರುವಾಗ ತನ್ನಿ. ಕುದುರೆ ಕಂಡರೆ ನೀವು ಮಾರು ದೂರ ನಿಲ್ಲುತ್ತೀರಿ. ಈ ಸಲ ಒಮ್ಮೆಯಾದರೂ ಹತ್ತಲೇಬೇಕು. ಹೆದರಬೇಡಿ, ಲಗಾಮು ನನ್ನ ಕೈಯಲ್ಲೇ ಇರುತ್ತದೆ.

ನಿಮ್ಮ ಮಗಳಂಥ
ಭಾಗ್ಯ